ಅಪ್ಪನ ಕಾರಿನ ಚುಕ್ಕಾಣಿ

ನಮ್ಮ ಮನೆಯಲ್ಲಿ ಆರು ತಿಂಗಳಿನಿಂದ ಒಂದು ವ್ಯಾಜ್ಯ ನಡೆದಿದೆ. ಹೊಲದ್ದಲ್ಲ, ಮನೆಯದಲ್ಲ, ಅವನ್ನು ನಾವು ಅಣ್ಣತಮ್ಮಂದಿರು ದನಿ ಏರಿಸದೆ ಎಂದೋ ಹಂಚಿಕೊಂಡೆವು. ಇದು ಅಪ್ಪನ ಹಳೆಯ ಫಿಯಟ್ ಕಾರಿನ ಸ್ಟೀರಿಂಗಿನ ವ್ಯಾಜ್ಯ. ಅದನ್ನು ಬದಲಿಸಬೇಕೆನ್ನುವವನು ನಾನು. ಕೂಡದೆನ್ನುವವನು ಪುಣೆಯಲ್ಲಿರುವ ಅಣ್ಣ. ಒಂದು ಕಬ್ಬಿಣದ ಪೆಟ್ಟಿಗೆಯ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಓದುಗರಿಗೆ ಅನಿಸಿದರೆ ಅದು ಸಹಜ. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ವಾದ ಬೆಳೆದಂತೆಲ್ಲ ಅದರ ಅಡಿಯಲ್ಲಿ ಬೇರೇನೋ ಇದೆಯೆಂದು ಕಾಣತೊಡಗಿತು. ಅದು ಏನೆಂದು ನನಗೆ ನಾನೇ ತಿಳಿಯಾಗಿ ಹೇಳಿಕೊಳ್ಳುವ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಕಾರು 1966ರದು, ಫಿಯಟ್ 1100 ಡಿಲೈಟ್. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕಟ್ಟುತ್ತಿದ್ದದ್ದು. ಮುಂದೆ 1974ರಲ್ಲಿ ಇದೇ ವಂಶದ ಗಾಡಿಗೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಆ ಕಾಲದಲ್ಲಿ ಹಣ ಕಟ್ಟಿದರಾಗಲಿಲ್ಲ, ವರ್ಷಗಟ್ಟಲೆ ಪಾಳಿ ಕಾಯಬೇಕಿತ್ತು. ಅಪ್ಪ ಹಾನಗಲ್ಲಿನಲ್ಲಿ ಡಾಕ್ಟರರು. ಆಗ ಹಾನಗಲ್ಲು ಧಾರವಾಡ ಜಿಲ್ಲೆಗೆ ಸೇರಿತ್ತು; ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಕ್ಕಿಆಲೂರು, ತಿಳವಳ್ಳಿ, ಅತ್ತ ಹಿರೇಕೆರೂರಿನ ಕಡೆಯ ಹಳ್ಳಿಗಳು, ಇತ್ತ ಬಂಕಾಪುರ, ಶಿಗ್ಗಾಂವಿ, ಕರೆ ಬಂದಲ್ಲಿಗೆಲ್ಲ ಆ ಕಾರು ಹೋಗಬೇಕು. ಹಾನಗಲ್ಲೆಂದರೆ ಮಲೆನಾಡಿನ ಸೆರಗು. ಆಷಾಢದ ಮಳೆ ಹಿಡಿಯಿತೆಂದರೆ ಗದ್ದೆ ಯಾವುದು, ರಸ್ತೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರು ಅದರ ಹಿಂದಿನ ಸೀಟಿನಲ್ಲಿ ಮಲಗಿ ಬಂದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಲ್ಲಿಯೇ ಹಡೆದದ್ದೂ ಒಮ್ಮೆ ಉಂಟು.

ಅಪ್ಪ 1994ರವರೆಗೆ, ಅಂದರೆ 28 ವರ್ಷ, ಅದನ್ನು ಓಡಿಸಿದರು. ಅವರು ಓಡಿಸುವಾಗ ಕೈಗಳು ಸುಮ್ಮನಿರುತ್ತಿರಲಿಲ್ಲ. ನೇರ ರಸ್ತೆಯಲ್ಲಿಯೂ ತೆಳುವಾದ ಆ ದೊಡ್ಡ ಚಕ್ರವನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಅಲುಗಿಸುತ್ತಲೇ ಇರುತ್ತಿದ್ದರು. ಮೊರದಲ್ಲಿ ಕಾಳು ಹಸನು ಮಾಡುವ ಹೆಂಗಸಿನ ಕೈಯ ಹಾಗೆ. ಅದು ಅವರ ಅಭ್ಯಾಸವೆಂದು ನಾನು ತಿಳಿದಿದ್ದೆ. ನಾನೇ ಆ ಸೀಟಿನಲ್ಲಿ ಕುಳಿತ ಮೇಲೆ ಗೊತ್ತಾಯಿತು, ಅಭ್ಯಾಸ ಅವರದಲ್ಲ, ಕಾರಿನದು. ಚಕ್ರವನ್ನು ಎರಡು ಬೆರಳಗಲ ತಿರುಗಿಸಿದರೂ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮೋಟಾರು ಕೆಲಸದವರು ಇದಕ್ಕೆ ‘ಪ್ಲೇ’ ಎನ್ನುತ್ತಾರೆ. ಸ್ಟೀರಿಂಗು ಆಟ ಆಡುತ್ತದೆ ಎಂದರೂ ಸರಿಯೇ. ಆ ಆಟ ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಬೆಳೆದಿತ್ತು. ಅಪ್ಪನ ಕೈಗಳೂ ಅದರ ಜೊತೆಗೇ ಕಲಿಯುತ್ತ ಹೋಗಿದ್ದವು. ನನ್ನ ಕೈಗೆ ಆ 28 ವರ್ಷದ ಪಾಠ ಆಗಿರಲಿಲ್ಲ. ನಿವೃತ್ತನಾದ ಮೇಲೆ ಹಾನಗಲ್ಲಿನ ಮನೆಯ ಹಿಂದಿನ ತಗಡಿನ ಚಪ್ಪರದಿಂದ ಕಾರನ್ನು ಹೊರಗೆಳೆದು, ಶಿಗ್ಗಾಂವಿಯ ಉಸ್ತಾದರೊಬ್ಬರ ಕೈಯಲ್ಲಿ ಅದಕ್ಕೆ ಜೀವ ತರಿಸಿದವನು ನಾನು. ಆಗಲೇ ಅವರು ಹೇಳಿದ್ದರು: “ಸಾಹೇಬ್ರ, ಎಂಜಿನ್ ಗಟ್ಟಿ ಐತಿ. ಸ್ಟೀರಿಂಗ್ ಬಾಕ್ಸ್ ಮಾತ್ರ ತಿಂದು ಹೋಗೇತಿ. ಇದನ್ನ ನಂಬಿ ದೂರ ಹೋಗಬ್ಯಾಡ್ರಿ.” ನಾನು ನಕ್ಕು, ಅಪ್ಪನ ಕಾಲದಿಂದಲೂ ಅದು ಹಾಗೆಯೇ ಇದೆ ಎಂದೆ.

ಆ ಬಾಕ್ಸಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. ಎತ್ತಿನ ಬಂಡಿಗೆ ಚುಕ್ಕಾಣಿಯ ಚಿಂತೆಯಿಲ್ಲ. ಅದರ ಚುಕ್ಕಾಣಿ ಎತ್ತಿನ ಮೂಗುದಾರದಲ್ಲಿದೆ. ಜಾತ್ರೆಯ ತೇರಿಗೂ ಇಲ್ಲ. ಅದು ಅಡ್ಡ ಹೋಗತೊಡಗಿದರೆ ಗಾಲಿಯ ಕೆಳಗೆ ಮರದ ತುಂಡು ಕೊಟ್ಟು ತಿರುಗಿಸುವ ಧೀರರು ಇರುತ್ತಾರೆ, ಕೈಕಾಲು ಕಳೆದುಕೊಂಡವರೂ ಇದ್ದಾರೆ. ನಾಲ್ಕು ಗಾಲಿಯ ಗಾಡಿ ಹಗುರಾಗಿ ತಿರುಗಬೇಕಾದರೆ ಮುಂದಿನ ಎರಡು ಗಾಲಿಗಳೂ ಬೇರೆ ಬೇರೆ ಕೋನದಲ್ಲಿ ಹೊರಳಬೇಕು, ಒಳಗಿನದು ಹೆಚ್ಚು, ಹೊರಗಿನದು ಕಡಿಮೆ. ಈ ಉಪಾಯವನ್ನು 1817ರಲ್ಲಿ ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್ ಎಂಬ ಬಂಡಿ ಕಟ್ಟುವವನು ಕಂಡುಹಿಡಿದ. ಮರುವರ್ಷ ಲಂಡನ್ನಿನಲ್ಲಿ ಅದರ ಪೇಟೆಂಟು ಪಡೆದ ಆಕರ್ಮನ್ ಎಂಬವನ ಹೆಸರೇ ಅದಕ್ಕೆ ಅಂಟಿಕೊಂಡಿತು. ಕಂಡುಹಿಡಿದವನ ಹೆಸರು ಹೋಗಿ ಕಾಗದ ಮಾಡಿಸಿಕೊಂಡವನ ಹೆಸರು ಉಳಿಯುವುದು ನಮ್ಮ ಕಂದಾಯ ಇಲಾಖೆಯಲ್ಲಿ ಮಾತ್ರ ಅಲ್ಲ.

ಈಗ ಕೈಯಲ್ಲಿಯ ಚಕ್ರದ ಸುತ್ತು ಗಾಲಿಯ ಹೊರಳಾಗಬೇಕಲ್ಲ, ಅದಕ್ಕೆ ಎರಡು ದಾರಿ. ಒಂದು ನಮ್ಮ ಫಿಯಟ್ಟಿನದು. ಸ್ಟೀರಿಂಗಿನ ದಂಡದ ತುದಿಯಲ್ಲಿ ಸ್ಕ್ರೂವಿನಂಥ ತಿರುಪು. ಅದು ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಕುಳಿತು ಇನ್ನೊಂದು ಗಾಲಿಯನ್ನು ನೂಕುತ್ತದೆ. ಆ ಗಾಲಿ ಒಂದು ತೋಳನ್ನು ಬೀಸುತ್ತದೆ, ತೋಳು ನಡುವಿನ ಸರಳನ್ನು ಎಳೆಯುತ್ತದೆ, ಅದರಿಂದ ಎರಡು ಪಕ್ಕದ ಸರಳು, ಪ್ರತಿಯೊಂದರ ತುದಿಗೂ ಒಂದೊಂದು ಕೀಲು. ಪ್ರತಿ ಕೀಲೂ ಒಂದಿಷ್ಟು ಸವೆದರೆ ಸಾಕು, ಎಲ್ಲ ಸೇರಿ ಎರಡು ಬೆರಳಗಲದ ಲೆಕ್ಕ ಆಗುತ್ತದೆ. ಸರಕಾರಿ ಕಚೇರಿಯಲ್ಲಿ ಕಾಗದ ಮೇಜಿನಿಂದ ಮೇಜಿಗೆ ಹೋದ ಹಾಗೆ. ಇನ್ನೊಂದು ದಾರಿ ರ‍್ಯಾಕ್ ಅಂಡ್ ಪಿನಿಯನ್ನಿನದು: ದಂಡದ ತುದಿಗೆ ಒಂದು ಸಣ್ಣ ಹಲ್ಲುಚಕ್ರ, ಅದರ ಕೆಳಗೆ ಅಡ್ಡಲಾಗಿ ಒಂದು ಹಲ್ಲಿನ ಪಟ್ಟಿ. ಚಕ್ರ ತಿರುಗಿದರೆ ಪಟ್ಟಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಪಟ್ಟಿಯ ಎರಡು ತುದಿಗೆ ಎರಡು ಸರಳು, ಅಲ್ಲಿಂದ ನೇರ ಗಾಲಿಗೆ. ಇಂದು ನಮ್ಮ ಬೀದಿಯಲ್ಲಿ ಓಡುವ ಸಣ್ಣ ಕಾರುಗಳೆಲ್ಲ ಹೀಗೆಯೇ. ಉಸ್ತಾದರು ನನಗೆ ಸೂಚಿಸಿದ್ದು ಇದನ್ನೇ. ಹಳೆಯ ಪೆಟ್ಟಿಗೆಗೆ ಒಳ್ಳೆಯ ಸಾಮಾನು ಸಿಗುವುದು ದುರ್ಲಭ. ಮುಂಬಯಿಯಲ್ಲಿ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಇರುವವರೆಗೆ ಅಲ್ಲಿಯ ಗುಜರಿಯಲ್ಲಿ ಏನಾದರೂ ದೊರೆಯುವ ಆಸೆಯಿತ್ತು. 2023ರ ಅಕ್ಟೋಬರ್ ತಿಂಗಳಿಗೆ ಅವುಗಳ ಕಾಲವೂ ಮುಗಿಯಿತು. ಮಾರುತಿ ಗಾಡಿಯ ಪಟ್ಟಿಯೊಂದನ್ನು ಅಳತೆಗೆ ಹೊಂದಿಸಿ ಕೂರಿಸಬಹುದು ಎಂದರು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಕೆಲ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಮ್ಮಾ, ಹಂಗಾರ ಅದು ಅಪ್ಪನ ಕಾರ್ ಅಲ್ಲ. ಅಪ್ಪನ ಕಾರಿನ ಗತೆ ಕಾಣೂ ಮಾರುತಿ,” ಎಂದ.

ಇಲ್ಲಿಂದ ನಮ್ಮ ವಾದ ಶುರುವಾಯಿತು. ನಾನು ಮೊದಲು ಹೂಡಿದ ಬಾಣ ಚರಿತ್ರೆಯದು. ರ‍್ಯಾಕ್ ಏನು ಹೊಸ ಕಾಲದ ಮೈಲಿಗೆಯಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಗಾಲಿಯ ಮೊಟ್ಟಮೊದಲ ಮೋಟಾರು ಗಾಡಿಯ ಮುಂದಿನ ಗಾಲಿ ತಿರುಗುತ್ತಿದ್ದದ್ದೇ ಹಲ್ಲುಪಟ್ಟಿಯಿಂದ. ಫ್ರಾನ್ಸಿನ ಸಿತ್ರೋಯೆನ್ ಕಾರಿಗೆ ಅದು 1936ರಲ್ಲಿ ಬಂತು, ಇಂಗ್ಲೆಂಡಿನ ಮಾರಿಸ್ ಮೈನರಿಗೆ 1948ರಲ್ಲಿ. ಅಷ್ಟೇಕೆ, ನಮ್ಮ ಅಂಬಾಸಿಡರ್ ಗಾಡಿ ಮಾರಿಸ್ ಆಕ್ಸ್‌ಫರ್ಡಿನ ಮಗು; 1958ರಿಂದ 2014ರವರೆಗೆ ಅದು ಈ ದೇಶದ ಮಂತ್ರಿಗಳನ್ನೂ ಮದುವೆ ಗಂಡುಗಳನ್ನೂ ಹೊತ್ತು ತಿರುಗಿದ್ದು ರ‍್ಯಾಕ್ ಅಂಡ್ ಪಿನಿಯನ್ನಿನ ಮೇಲೆಯೇ. ಅಪ್ಪ ಫಿಯಟ್ಟಿನ ಬದಲು ಅಂಬಾಸಿಡರಿಗೆ ಹಣ ಕಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಹಳೆಯದು ಹೊಸದು ಎಂಬುದು ಇಲ್ಲಿಯ ಪ್ರಶ್ನೆಯೇ ಅಲ್ಲ ಎಂದು ನಾನು ಬಲು ಜಾಣತನದಿಂದ ವಾದಿಸಿದೆ.

ಅಣ್ಣ ಸೋಲಲಿಲ್ಲ. ರ‍್ಯಾಕ್ ಹಳೆಯದಿರಬಹುದು, ಆದರೆ ಈ ಕಾರಿಗೆ ಅದು ಪರಕೀಯ ಎಂದ. ಮುಂದುವರಿದು ಹೇಳಿದ: ಇವತ್ತು ಸ್ಟೀರಿಂಗ್ ಬದಲಿಸುತ್ತೀ, ನಾಳೆ ಬ್ರೇಕು, ನಾಡಿದ್ದು ಎಂಜಿನ್ನು, ಎಲ್ಲಿ ನಿಲ್ಲುತ್ತೀ? ಇನ್ನೊಂದು ಮಾತು ಹೇಳಿದ, ಅದು ನನ್ನನ್ನು ಬಹಳ ದಿನ ಚುಚ್ಚಿತು. “ಅಪ್ಪ ಅದ ಬಾಕ್ಸ್ ಹಿಡಕೊಂಡು ಇಪ್ಪತ್ತೆಂಟು ವರ್ಷ ಯಾರಿಗೂ ತಾಗಿಸಲಿಲ್ಲ. ತಪ್ಪು ಬಾಕ್ಸಿನದಲ್ಲ, ನಿನ್ನ ಕೈದು.”

ಯಾಕೆ ಚುಚ್ಚಿತೆಂದರೆ, ಆಗ ನಾನು ತಾಗಿಸಿಯಾಗಿತ್ತು.

ಇದನ್ನು ಮೊದಲೇ ಹೇಳಬೇಕಿತ್ತು. ಹೇಳದೆ ಯಂತ್ರಶಾಸ್ತ್ರವನ್ನು ಮುಂದಿಟ್ಟದ್ದು ನನ್ನ ದೌರ್ಬಲ್ಯ. ಉಸ್ತಾದರು ಎಚ್ಚರಿಕೆ ಹೇಳಿ ಮೂರು ತಿಂಗಳಾಗಿತ್ತು. ಬಂಕಾಪುರದಿಂದ ಸವಣೂರಿಗೆ ಹೋಗುವ ರಸ್ತೆ, ಸಂಜೆಯ ಹೊತ್ತು, ವೇಗ ಮೂವತ್ತಕ್ಕೂ ಮೀರಿರಲಿಲ್ಲ. ಮುಂದೆ ಒಬ್ಬ ಹುಡುಗ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದ. ಎಡಗಾಲಿ ಒಂದು ಕುಣಿಯಲ್ಲಿ ಇಳಿಯಿತು, ಕಾರು ಎಡಕ್ಕೆ ಎಳೆಯಿತು. ನಾನು ಬಲಕ್ಕೆ ತಿರುಗಿಸಿದೆ. ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ಆ ಎರಡು ಬೆರಳಗಲ ದಾಟಿ ಗಾಲಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಬಂಪರು ಸೈಕಲ್ಲಿನ ಹಿಂದಿನ ಗಾಲಿಗೆ ತಾಗಿತ್ತು. ಹುಲ್ಲಿನ ಹೊರೆಯೇ ಅವನನ್ನು ಕಾಯಿತು ಅನಬೇಕು. ಬಲಗೈಯ ಮೂಳೆ ಮುರಿಯಿತು. ಏಳನೆಯ ಇಯತ್ತೆಯ ಹುಡುಗ.

ಆಸ್ಪತ್ರೆಗೆ ಒಯ್ದೆ, ಪೊಲೀಸರಿಗೆ ತಿಳಿಸಿದೆ, ಖರ್ಚು ಕೊಟ್ಟೆ. ಮನೆಯವರು ದೂರು ಬೇಡವೆಂದರು. ಮರುದಿನ ಸವಣೂರಿನ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಏನು ಹೇಳಬೇಕೆಂದು ತೋಚದೆ, “ಗಾಡಿ ಭಾಳ ಹಳೇದರೀ” ಎಂದುಬಿಟ್ಟೆ. ಹುಡುಗನ ಅಜ್ಜಿ ಎಲೆಯ ಪೆಂಡಿ ಬಿಚ್ಚುತ್ತ ಕುಳಿತಿದ್ದಳು. ಸವಣೂರಿನ ಎಲೆ ಎಂದರೆ ಗೊತ್ತಿದ್ದವರಿಗೆ ಗೊತ್ತು. ತಲೆ ಎತ್ತದೆ ಕೇಳಿದಳು: “ಹಳೇದಾದ್ರ ಮನ್ಯಾಗ ಇಡಬೇಕಿಲ್ರಿ?”

ಇದಕ್ಕೆ ಉತ್ತರ ಹುಡುಕುತ್ತ ನಾನು ಗ್ರಂಥಗಳ ಕಡೆಗೆ ಹೋದೆ. ನಮ್ಮಂಥವರ ಚಾಳಿ ಇದು. ಮುಖ ತಿರುಗಿಸಬೇಕಾದಾಗ ಪುಸ್ತಕದ ಕಡೆಗೆ ತಿರುಗಿಸುತ್ತೇವೆ. ಅಣ್ಣನ ಪ್ರಶ್ನೆ ಹೊಸದಲ್ಲ. ಅಥೆನ್ಸಿನ ಜನ ಥೀಸಿಯಸ್ ವೀರನ ಹಡಗನ್ನು ಕಾಪಾಡಿಕೊಂಡು, ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸ ಹಲಗೆ ಜೋಡಿಸುತ್ತ ಬಂದರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ತತ್ವಜ್ಞರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ದೇಶದ ಮಾತು ಇನ್ನೂ ಚೂಪು. ಯವನರಾಜ ಮಿಲಿಂದ ರಥದಲ್ಲಿ ಬಂದಿಳಿದಾಗ ನಾಗಸೇನ ಭಿಕ್ಷು ಕೇಳುತ್ತಾನೆ: ರಥವೆಂದರೆ ಯಾವುದು? ಅಚ್ಚೋ, ಗಾಲಿಯೋ, ನೊಗವೋ? ಯಾವುದೂ ಅಲ್ಲವೆಂದು ರಾಜ ಒಪ್ಪಬೇಕಾಗುತ್ತದೆ; ಎಲ್ಲವೂ ಕೂಡಿದ್ದಕ್ಕೆ ಇಟ್ಟ ಹೆಸರು ರಥ, ಅಷ್ಟೆ. ಇದನ್ನು ಒಪ್ಪಿದರೆ ‘ಅಪ್ಪನ ಕಾರು’ ಎಂಬುದೂ ಒಂದು ಹೆಸರು. ಪೆಟ್ಟಿಗೆ ಹೋಗಿ ಪಟ್ಟಿ ಬಂದರೂ ಹೆಸರಿಗೆ ಊನವಿಲ್ಲ. ನನಗೆ ಬೇಕಾದ ತೀರ್ಪು ಸಿಕ್ಕಂತಾಯಿತು. ಆದರೂ ಸಮಾಧಾನವಾಗಲಿಲ್ಲ. ಯಾಕೆಂದರೆ ರಥ ಅದೇ ಹೌದೋ ಅಲ್ಲವೋ ಎಂದು ಕೇಳಿದವರು ಅದರ ಮೇಲೆ ಕುಳಿತವರು. ಅದರ ಮುಂದೆ ಸೈಕಲ್ಲು ಹೊಡೆಯುತ್ತಿದ್ದವರು ಆ ಸಂವಾದದಲ್ಲಿ ಎಲ್ಲಿಯೂ ಇಲ್ಲ.

ಕಠೋಪನಿಷತ್ತಿನ ರಥ ನನಗೆ ಹೆಚ್ಚು ಹತ್ತಿರ ಬಂತು. ಅಲ್ಲಿ ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆ. ಚಿಕ್ಕಂದಿನಲ್ಲಿ ಇದನ್ನು ಕಲಿತಾಗ ಕುದುರೆಗಳ ಮೇಲೆಯೇ ನಮ್ಮ ಗಮನ. ಈಗ ತೋರುತ್ತದೆ, ಸಾರಥಿಗೂ ಕುದುರೆಗೂ ನಡುವೆ ಕೈಯಲ್ಲಿಯ ದಾರ ಎಷ್ಟು ಸಡಿಲವಿದೆ ಎಂಬುದೇ ಮುಖ್ಯ. ಒಳ್ಳೆಯ ಸಾರಥಿ, ಸಾಧು ಕುದುರೆ, ನಡುವೆ ಎರಡು ಬೆರಳಗಲ ಸಡಿಲು: ಬಂಕಾಪುರದ ರಸ್ತೆಯಲ್ಲಿ ಆದದ್ದು ಇಷ್ಟೇ ತಾನೆ? ನನ್ನ ಉದ್ದೇಶ ಒಳ್ಳೆಯದಿತ್ತು, ಅದು ಗಾಲಿಗೆ ಮುಟ್ಟಲಿಲ್ಲ. ಹೀಗೆಂದು ನಾನು ಒಂದು ವಾರ ಸಮಾಧಾನ ಪಟ್ಟುಕೊಂಡೆ. ಆಮೇಲೆ ಅಣ್ಣನ ಮಾತು ಮತ್ತೆ ಎದುರು ನಿಂತಿತು. ಸಡಿಲಿದೆಯೆಂದು ಗೊತ್ತಿದ್ದೂ ರಥ ಹೂಡಿದವನು ಯಾರು?

ಈಗ ಹಾನಗಲ್ಲಿನ ಗುಡಿಯ ಮಾತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ತಾರಕೇಶ್ವರ ಗುಡಿ. ಚಾಲುಕ್ಯರ ಕಾಲದ ಕೆಲಸ. ಒಳಗಿನ ಮಂಟಪದ ಮಾಳಿಗೆಯಲ್ಲಿ ಕಲ್ಲಿನ ಕಮಲ ಜೋಲುತ್ತದೆ, ನೋಡಿದಷ್ಟೂ ಕತ್ತು ನೋಯುತ್ತದೆ, ಆದರೂ ನೋಡಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ ಅದು. ಇಂಥ ಕಟ್ಟಡಗಳ ವಿಷಯದಲ್ಲಿ ಒಂದು ನೀತಿಯಿದೆ. ಸರ್ ಜಾನ್ ಮಾರ್ಷಲ್ 1923ರಲ್ಲಿ ಇಲಾಖೆಗಾಗಿ ಬರೆದ ಕೈಪಿಡಿಯಲ್ಲಿ ಹಳೆಯದನ್ನು ಉಳಿಸಬೇಕೇ ಹೊರತು ಹೊಸತು ಮಾಡಬಾರದೆಂಬ ಧೋರಣೆಯಿದೆ. 1964ರ ವೆನಿಸ್ ಸನ್ನದು, ಕಳೆದುಹೋದ ಭಾಗಕ್ಕೆ ಹೊಸದನ್ನು ಸೇರಿಸಲೇಬೇಕಾದರೆ ಅದು ಉಳಿದುದಕ್ಕೆ ಹೊಂದಬೇಕು, ಆದರೆ ಹೊಸದೆಂದು ಗುರುತು ಸಿಗಬೇಕು ಎನ್ನುತ್ತದೆ. ಇದರ ಹಿಂದಿನ ಭಾವನೆ ಸರಳ: ದುರಸ್ತಿ ಮಾಡು, ಆದರೆ ಸುಳ್ಳು ಹೇಳಬೇಡ.

ಆಗಮದ ಹಾದಿ ಬೇರೆ. ಪೂಜೆಯಲ್ಲಿರುವ ಮೂರ್ತಿ ಭಿನ್ನವಾದರೆ ಅದರ ಶಿಲ್ಪ ಎಷ್ಟೇ ಚೆನ್ನಾಗಿರಲಿ, ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಾಪಿಸುತ್ತಾರೆ. ಜೀರ್ಣೋದ್ಧಾರವೆಂಬುದು ಅಲ್ಲಿ ಪುಣ್ಯಕಾರ್ಯ. ಈ ಎರಡು ಹಾದಿಗಳು ಒಂದಕ್ಕೊಂದು ವಿರುದ್ಧವೆಂದು ವಿದ್ವಾಂಸರು ಬಹಳ ಬರೆದಿದ್ದಾರೆ. ನನಗೆ ತೋರುವ ಮಟ್ಟಿಗೆ ವಿರೋಧ ಹಾದಿಯಲ್ಲಿಲ್ಲ, ವಸ್ತುವಿನಲ್ಲಿದೆ. ನೋಡುವುದಕ್ಕೆಂದು ಇರುವ ವಸ್ತು ಹಾಗೆಯೇ ಇರಬೇಕು. ಕೆಲಸಕ್ಕೆಂದು ಇರುವ ವಸ್ತು ಇಡಿಯಾಗಿರಬೇಕು. ಅಣ್ಣ ಕಾರನ್ನು ಮೊದಲನೆಯ ಪಂಕ್ತಿಯಲ್ಲಿ ಕೂರಿಸಿದ್ದ. ನಾನು ಎರಡನೆಯ ಪಂಕ್ತಿಯಲ್ಲಿ. ಇಷ್ಟರ ಮಟ್ಟಿಗೆ ಇಬ್ಬರೂ ಸರಿ. ತಪ್ಪಿದ್ದು ಎಲ್ಲಿ ಎಂದರೆ, ಇಬ್ಬರಿಗೂ ಎರಡೂ ಬೇಕಾಗಿತ್ತು. ಮೂಲರೂಪದ ಹೆಮ್ಮೆಯೂ ಬೇಕು, ಸಂಜೆ ಸವಣೂರಿನ ರಸ್ತೆಯಲ್ಲಿ ಓಡಿಸುವ ಸುಖವೂ ಬೇಕು.

ವಿಚಿತ್ರವೆಂದರೆ ಸರಕಾರಕ್ಕೆ ಇದು ನಮಗಿಂತ ಮೊದಲೇ ಹೊಳೆದಿದೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರದವರು ‘ವಿಂಟೇಜ್’ ವಾಹನಗಳಿಗೆ ಬೇರೆ ನಿಯಮ ಮಾಡಿದರು. ಗಾಡಿಗೆ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿ ಉಳಿದಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಕಟ್ಟಿದರೆ 10 ವರ್ಷಕ್ಕೆ ನೋಂದಣಿ. ಆದರೆ ಅಂಥ ಗಾಡಿಯನ್ನು ನಿತ್ಯದ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲಸಕ್ಕೆ ಮಾತ್ರ. ಅಣ್ಣನಿಗೆ ಈ ನೋಂದಣಿಯ ಮೇಲೆ ಬಲು ಆಸೆ. ಅರ್ಜಿಯನ್ನು ಅಲ್ಲಿಂದಲೇ ಕಳಿಸಿದ. ನನ್ನ ಮೇಜಿನ ಮೇಲಿದೆ. ನಿಯಮಕ್ಕೆ ನಾನು ತಲೆಬಾಗುತ್ತೇನೆ. ಮೂಲರೂಪ ಬೇಕಾದವನು ರಸ್ತೆಯನ್ನು ಬಿಟ್ಟುಕೊಡಬೇಕು ಎಂದು ಅದು ಹೇಳುತ್ತದೆ. ಅಜ್ಜಿ ಎಲೆ ಬಿಚ್ಚುತ್ತ ಹೇಳಿದ್ದೂ ಅದನ್ನೇ.

ಆದರೆ ಅಪ್ಪ? ಅವರ ನೆನಪಿಗೆ ಯಾವುದು ಸಲ್ಲುತ್ತದೆ? ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಅಪ್ಪನ ಹತ್ತಿರ ಗಾಜಿನ ಸಿರಿಂಜುಗಳ ಒಂದು ಜೋಡು ಇತ್ತು. ಸ್ಟೀಲಿನ ಡಬ್ಬಿಯಲ್ಲಿ ನೀರು ಕುದಿಸಿ ಅವನ್ನು ಅದರಲ್ಲಿ ಮಲಗಿಸುವುದು ಬೆಳಗಿನ ಪೂಜೆಯಷ್ಟೇ ನೇಮದ ಕೆಲಸ. ಅವುಗಳ ಮೇಲೆ ಅವರಿಗೆ ಪ್ರಾಣ. ಪಿಸ್ಟನ್ನು ಜಾರುವ ಹಿತ ಬೇರೆ ಯಾವುದರಲ್ಲೂ ಇಲ್ಲ ಎನ್ನುತ್ತಿದ್ದರು. 1990ರ ಸುಮಾರಿಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ನಮ್ಮ ಊರಿನ ಅಂಗಡಿಗೂ ಬಂತು. ಆ ವಾರವೇ ಗಾಜಿನವನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಇಷ್ಟು ಪ್ರೀತಿಯ ವಸ್ತುವನ್ನು ಹೇಗೆ ಬಿಟ್ಟಿರಿ ಎಂದು ನಾನು ಕೇಳಿದ್ದಕ್ಕೆ, “ಚುಚ್ಚಿಸಿಕೊಳ್ಳವರು ಯಾರು?” ಎಂದು ನನ್ನನ್ನೇ ಕೇಳಿದರು. ಕಾರಿನಲ್ಲಿಯೂ ಅವರು ಬದಲಿಸದ್ದು ಕಡಿಮೆ. ಹಾರನ್ನು ಎರಡು ಸಲ, ಡೈನಮೋ ಒಂದು ಸಲ, ಬಣ್ಣ ಮೂರು ಸಲ. ಮೂಲರೂಪವೆಂದರೆ ಯಾವುದು, 1966ರದೋ, 1994ರದೋ? ಕುರ್ಲಾದಿಂದ ಬಂದ ಕಾರೋ, ಅಪ್ಪ ಬಿಟ್ಟುಹೋದ ಕಾರೋ? ಅಣ್ಣ ಇದಕ್ಕೆ ಉತ್ತರ ಕೊಟ್ಟಿಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಭಾರಿ ಮರಗಳಲ್ಲಿ ಒಂದು 2023ರ ಮಳೆಯಲ್ಲಿ ಉರುಳಿತು; ಅದನ್ನು ಎತ್ತಿ ಮತ್ತೆ ನೆಟ್ಟರು. ಅದು ಅದೇ ಮರ ಹೌದೋ ಎಂದು ಸವಣೂರಿನಲ್ಲಿ ಯಾರೂ ಚರ್ಚೆ ಮಾಡಿದ್ದನ್ನು ನಾನು ಕೇಳಿಲ್ಲ.

ಹೀಗೆ ಅಣ್ಣನನ್ನು ಬಾಯಿ ಮುಚ್ಚಿಸಿದೆನೆಂದು ನಾನು ಹಿಗ್ಗುವಷ್ಟರಲ್ಲಿ ಉಸ್ತಾದರು ನನ್ನ ಬಾಯಿ ಮುಚ್ಚಿಸಿದರು. ರ‍್ಯಾಕ್ ಹಾಕಿದ ಕೂಡಲೇ ಕಾರು ಸುರಕ್ಷಿತವಾಗುತ್ತದೆ ಎಂದು ನಾನು ನಂಬಿದ್ದೆ. ಅವರು ನನ್ನನ್ನು ಕಾರಿನ ಕೆಳಗೆ ಕರೆದು, ಬ್ಯಾಟರಿ ಬಿಟ್ಟು ತೋರಿಸಿದರು. ಗಾಲಿ ಕುಣಿಗೆ ಇಳಿದಾಗ, ದಿಬ್ಬ ಏರಿದಾಗ, ಅದನ್ನು ಹಿಡಿದ ತೋಳು ಒಂದು ಕೀಲಿನ ಸುತ್ತ ಕಮಾನು ಬರೆಯುತ್ತದೆ. ಸ್ಟೀರಿಂಗಿನ ಸರಳೂ ಒಂದು ಕಮಾನು ಬರೆಯುತ್ತದೆ. ಎರಡು ಕಮಾನುಗಳೂ ಹೊಂದಬೇಕು. ಬೇರೆ ಕಾರಿನ ಪಟ್ಟಿ ಒಂದಂಗುಲ ಉದ್ದವಾದರೂ, ಅರ್ಧ ಅಂಗುಲ ಮೇಲೆ ಕೂತರೂ ಹೊಂದುವುದಿಲ್ಲ. ಆಗ ಗಾಲಿ ಪ್ರತಿ ಕುಣಿಯಲ್ಲಿಯೂ ತನ್ನಷ್ಟಕ್ಕೆ ಹೊರಳುತ್ತದೆ, ಚಕ್ರ ಹಿಡಿದವನು ಏನೂ ಮಾಡದೆಯೇ. ಸಡಿಲಾದ ಪೆಟ್ಟಿಗೆಯಾದರೆ ಹೇಳಿದ್ದನ್ನು ಕೇಳುವುದಿಲ್ಲ. ಇದು ಹೇಳದ್ದನ್ನು ಮಾಡುತ್ತದೆ. ಅದೂ ಅಲ್ಲದೆ ಹಳೆಯ ಪೆಟ್ಟಿಗೆ ರಸ್ತೆಯ ಪೆಟ್ಟನ್ನು ತಾನು ನುಂಗುತ್ತಿತ್ತು. ಪಟ್ಟಿ ಅದನ್ನು ನೇರ ಕೈಗೆ ಕೊಡುತ್ತದೆ. ಜೀಪು ಲಾರಿಗಳವರು ಪೆಟ್ಟಿಗೆಯನ್ನು ಬಹುಕಾಲ ಬಿಡದಿದ್ದದ್ದು ಮೂರ್ಖತನದಿಂದಲ್ಲ. “ಅಳತಿ ಕೂಡಿದ್ರ ಹಾಕ್ತೀನ್ರಿ. ಕೂಡ್ಲಿಲ್ಲಂದ್ರ ಕೊಯ್ದು ವೆಲ್ಡಿಂಗ್ ಮಾಡಂತ ಹೇಳಬ್ಯಾಡ್ರಿ. ಸ್ಟೀರಿಂಗಿಗೆ ನಾ ವೆಲ್ಡಿಂಗ್ ಹಚ್ಚೂದಿಲ್ಲ. ಯಾರು ಬಂದು ಹೇಳಿದ್ರೂ ಹಚ್ಚೂದಿಲ್ಲ,” ಎಂದರು. ಅಲ್ಲದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ಮೂಲ ವಿವರಗಳಿಗೆ ಭಿನ್ನವಾಗುವ ಬದಲಾವಣೆಗೆ ಅಡ್ಡ ಬರುತ್ತದೆ. ಸಾರಿಗೆ ಕಚೇರಿಯಲ್ಲಿ ಕೇಳದೆ ಕೈ ಹಚ್ಚುವುದಿಲ್ಲವೆಂದೂ ಹೇಳಿದರು.

ಗ್ಯಾರೇಜಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಾಗ ನನಗೆ ತಿಳಿದದ್ದು ಇಷ್ಟು. ಮೂಲರೂಪದ ಅಭಿಮಾನ ಒಂದು ಬಗೆಯ ಠೀವಿಯಾದರೆ, ಸುಧಾರಣೆಯ ಅಭಿಮಾನ ಇನ್ನೊಂದು ಬಗೆಯದು. ಅಣ್ಣ ಅಪ್ಪನ ಹೆಸರಿನಲ್ಲಿ ಹಳೆಯ ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದ; ನಾನು ಹುಡುಗನ ಹೆಸರಿನಲ್ಲಿ ಹೊಸ ಪಟ್ಟಿಯನ್ನು. ನನ್ನದು ಹೆಚ್ಚು ಗೌರವದ್ದೆಂದು ತೋರುತ್ತಿತ್ತು, ಆದರೆ ಅದರಲ್ಲಿ ಒಂದು ಕಳ್ಳತನ ಇತ್ತು. ಪೆಟ್ಟಿಗೆಯನ್ನು ಬದಲಿಸಿದರೆ ದೋಷ ಪೆಟ್ಟಿಗೆಯದೆಂದು ರುಜುವಾತಾಗುತ್ತದೆ. ದೋಷ ಪೆಟ್ಟಿಗೆಯದಾದರೆ ನನ್ನದಲ್ಲ. ಮೂರು ತಿಂಗಳ ಹಿಂದೆ ಎಚ್ಚರಿಕೆ ಕೇಳಿ ನಕ್ಕವನನ್ನು ಆ ಹೊಸ ಹಲ್ಲುಪಟ್ಟಿಯ ಹಿಂದೆ ಅಡಗಿಸಬಹುದು. ಅಣ್ಣ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು: ತಪ್ಪು ಕೈದೇ. ಆದರೆ ಚಕ್ರ ತಿರುಗಿಸಿದ ಕೈದಲ್ಲ. ಬೀಗದ ಕೈ ತಿರುಗಿಸಿ ಗಾಡಿ ಹೊರಡಿಸಿದ ಕೈದು. ಅಪ್ಪ ತಮ್ಮ ಕೈ ಕಲಿತದ್ದನ್ನು ನಂಬಿ ಓಡಿಸಿದರು. ನಾನು ಅಪ್ಪನ ಕೈ ಕಲಿತದ್ದನ್ನು ನಂಬಿ ಓಡಿಸಿದೆ.

ಇದನ್ನು ಅಣ್ಣನಿಗೆ ಬರೆದು ಕಳಿಸಿದೆ, ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಅವನು ನಾಲ್ಕು ದಿನ ಬಿಟ್ಟು ಫೋನು ಮಾಡಿ, ಹುಡುಗನ ಕೈ ಈಗ ಹೇಗಿದೆ ಎಂದು ಕೇಳಿದ. ಅದುವರೆಗೆ ಅವನು ಅದನ್ನು ಕೇಳಿರಲಿಲ್ಲ. ನಾನೂ ಅವನಿಗೆ ಪೂರ್ತಿ ಹೇಳಿರಲಿಲ್ಲ. ಸ್ಟೀರಿಂಗಿನ ಮಾತು ಆ ದಿನ ಬರಲಿಲ್ಲ.

ಸದ್ಯ ಕಾರು ಶಿಗ್ಗಾಂವಿಯಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿದೆ, ಮುಂದಿನ ಗಾಲಿಗಳಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ, ಎಣ್ಣೆ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲಿಟ್ಟಿದ್ದಾರೆ. ತಿರುಪಿನ ನಡುಭಾಗ ಸವೆದು ಕನ್ನಡಿಯಾಗಿದೆ. ನೇರ ರಸ್ತೆಯಲ್ಲಿ ಓಡಿದ್ದೆಲ್ಲ ಅಲ್ಲಿಯೇ. ಎರಡು ಮೂರು ಪಟ್ಟಿಗಳನ್ನು ತಂದು ಅಳತೆ ನೋಡುತ್ತಿದ್ದಾರೆ. ಒಂದೂ ಇನ್ನೂ ಕೂಡಿಲ್ಲ. ಕೂಡಿ, ಅನುಮತಿಯೂ ದೊರೆತರೆ ಅಣ್ಣನ ಅರ್ಜಿಯನ್ನು ಅವನಿಗೇ ಮರಳಿಸುತ್ತೇನೆ. ಮೂಲರೂಪದ್ದೆಂದು ಸಹಿ ಮಾಡುವುದು ನನ್ನಿಂದಾಗದು. ಕೂಡದಿದ್ದರೆ ಕಾರು ತಗಡಿನ ಚಪ್ಪರಕ್ಕೆ ಹೋಗುತ್ತದೆ, ಅರ್ಜಿ ತುಂಬುತ್ತೇನೆ. ಪೆಟ್ಟಿಗೆಯನ್ನು ಅಂತೂ ಎಸೆಯುವುದಿಲ್ಲ. ಕಪಾಟಿನಲ್ಲಿ ಸಿರಿಂಜಿನ ಪಕ್ಕದಲ್ಲಿ ಜಾಗ ಮಾಡಿದ್ದೇನೆ.

ಹೋದ ಸೋಮವಾರ ಬಸ್ಸಿನಲ್ಲಿ ಸವಣೂರಿಗೆ ಹೋಗಿದ್ದೆ. ಹುಡುಗನ ಕೈಗೆ ಹಾಕಿದ್ದ ಪಟ್ಟು ಬಿಚ್ಚಿ ಬಹಳ ದಿನವಾಗಿತ್ತು. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ, ಆಗುತ್ತದೆ ಎಂದು ಡಾಕ್ಟರರು ಹೇಳಿದ್ದಾರಂತೆ. ನನ್ನ ಎದುರಿಗೆ ಅದನ್ನು ಚಾಚಿ, ಮಡಚಿ, ಮತ್ತೆ ಚಾಚಿ ತೋರಿಸಿದ. ಸೈಕಲ್ಲು ಹೊಡೆಯುತ್ತೀಯಾ ಎಂದು ಕೇಳಿದೆ. ಹೊಡೀತೀನ್ರಿ ಎಂದ. ಅಜ್ಜಿ ಒಳಗಿನಿಂದ ಚಹಾ ತಂದು ಕೊಟ್ಟು, ಹೊರಗೆ ಬೀದಿಯ ಕಡೆ ಒಮ್ಮೆ ನೋಡಿದಳು.

“ಗಾಡಿ ತಂದಿಲ್ರಿ?”

“ಇಲ್ಲವಾ, ಬಸ್ಸಿನ್ಯಾಗ ಬಂದೆ. ಗಾಡಿ ರಿಪೇರಿಗೆ ಬಿಟ್ಟೀನಿ.”

“ಆತೇನ್ರಿ ರಿಪೇರಿ?”

“ಇನ್ನೂ ಇಲ್ಲ. ಅಳತಿ ಕೂಡವಲ್ದು.”

“ಕೂಡತನಕ ಬಸ್ ಐತಲ್ರಿ,” ಎಂದು ಅವಳು ಎಲೆಯ ಪೆಂಡಿಯೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.